ಜಿಂಕೆಗೆಂದು ಕೊಂಡ ಆರು ಕಡ್ಡಿ

ಬಾಣ ಆರಿಸುವ ಕೆಲಸ ತನ್ನ ತಲೆಗೆ ಬೀಳುತ್ತದೆಂದು ದಿನೇಶ ಕನಸಿನಲ್ಲೂ ಎಣಿಸಿರಲಿಲ್ಲ. ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸಿನ ಕಾರು ಬಿಡಿಭಾಗದ ಕಂಪನಿಯೊಂದರಲ್ಲಿ ಅವನು ಕ್ವಾಲಿಟಿ ಇಂಜಿನಿಯರ್. ಬೋಲ್ಟು, ಬ್ರಾಕೆಟ್ಟು, ಸೀಟಿನ ಸ್ಪ್ರಿಂಗು ಹೀಗೆ ಹೊರಗಿನಿಂದ ಬಂದ ಮಾಲು ಯಾವ ಕೆಲಸಕ್ಕೆ ಬಂದಿದೆಯೋ ಆ ಕೆಲಸಕ್ಕೆ ತಕ್ಕುದಾಗಿದೆಯೇ ಎಂದು ನೋಡಬೇಕು. ಇದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಚೀಟಿ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ತಪ್ಪು ಬೋಲ್ಟಿಗೂ ಅವನು ಸಹಿ ಹಾಕಿದವನಲ್ಲ. ತಾನು ಮಾತ್ರ ಒಂಬತ್ತು ವರ್ಷದಿಂದ ಬೇರೆ ಯಾರದೋ ಲೇಬಲ್ಲು ಅಂಟಿಸಿಕೊಂಡು ಓಡಾಡುತ್ತಿದ್ದ.

ಆ ಲೇಬಲ್ಲನ್ನು ಅವನೇ ಬರೆದದ್ದೇನಲ್ಲ. ಡೆಟ್ರಾಯಿಟ್ ಸುತ್ತಲಿನ ಕನ್ನಡದವರು ಕಟ್ಟಿಕೊಂಡ ಸರೋವರ ಕನ್ನಡ ಬಳಗಕ್ಕೆ ಅವನು ಮೊದಲ ಸಲ ಹೋದಾಗ ಅಧ್ಯಕ್ಷ ಮನೋಹರ್ ಅಂಕಲ್ ಕೈ ಕುಲುಕಿ, ಯಾವ ಕಡೆಯವರು ಎಂದು ಕೇಳಿದ್ದರು. ನಂಜನಗೂಡು ಕಡೆ ಎಂದ. ಮನೆದೇವರು ಯಾವುದು ಎಂದರು. ನಂಜುಂಡೇಶ್ವರ ಎಂದ. ಸುಳ್ಳೇನಲ್ಲ, ಅವನ ಕೇರಿಯವರೂ ನಂಜುಂಡೇಶ್ವರನಿಗೆ ಮುಡಿ ಕೊಡುವವರೇ. ಆದರೆ ಆ ಒಂದು ಮಾತು ಕೇಳಿ ಅಂಕಲ್ ಅವನನ್ನು ತಮ್ಮವನೆಂದು ಲೆಕ್ಕ ಹಾಕಿದರು. ಖಜಾಂಚಿ ಸುವರ್ಣಮ್ಮ ತಮ್ಮವನೆಂದು ಲೆಕ್ಕ ಹಾಕಿದರು. ಅವರಿಬ್ಬರದೂ ಬೇರೆ ಬೇರೆ ಜಾತಿ. ದಿನೇಶನದು ಮೂರನೆಯದು. ಅದು ಅವರ ಲೆಕ್ಕದ ಪುಸ್ತಕದಲ್ಲೇ ಇರಲಿಲ್ಲ. ತಿದ್ದಬೇಕಾದವನು ಇವನು, ತಿದ್ದಲಿಲ್ಲ. ತಿದ್ದದೆ ಇರುವುದು ಸುಳ್ಳು ಹೇಳಿದಂತಲ್ಲ ಎಂದು ಒಂಬತ್ತು ವರ್ಷ ತನಗೆ ತಾನೇ ಹೇಳಿಕೊಂಡ.

ಯಾಕೆ ಹೀಗೆ ಮಾಡಿದ ಎಂದು ಕೇಳಿದರೆ, ಅವನಿಗೆ ಬಳಗದ ಕಾರ್ಯದರ್ಶಿ ಆಗಬೇಕಿತ್ತು. ನಗುವವರು ನಗಬಹುದು. ಮುನ್ನೂರು ಜನರ ಸಂಘ, ವರ್ಷಕ್ಕೆ ನಾಲ್ಕು ಕಾರ್ಯಕ್ರಮ, ಅದರ ಕಾರ್ಯದರ್ಶಿಗೆ ಸಿಗುವುದು ಒಂದು ಬ್ಯಾಡ್ಜು, ಒಂದು ಮೈಕು. ಆದರೆ ದಿನೇಶನ ಅಪ್ಪ ಅರವತ್ತು ವರ್ಷ ಬದುಕಿ ಊರಿನ ಪಂಚಾಯಿತಿ ಕಟ್ಟೆಯ ಮುಂದೆ ಒಂದು ದಿನವೂ ಕೂತು ಮಾತಾಡಿದವನಲ್ಲ. ನಿಂತು, ಟವೆಲು ಕಂಕುಳಿಗೆ ಸಿಕ್ಕಿಸಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟವನು. ಅಂಥವನ ಮಗ ಮೈಕಿನ ಮುಂದೆ ನಿಂತು, ಎಲ್ಲರೂ ದಯವಿಟ್ಟು ಕುಳಿತುಕೊಳ್ಳಿ ಎಂದರೆ ಮುನ್ನೂರು ಜನ ಕುಳಿತುಕೊಳ್ಳಬೇಕು. ಇಷ್ಟೇ ಅವನ ಆಸೆ. ಅದಕ್ಕಾಗಿ ಎರಡು ವರ್ಷ ಕುರ್ಚಿ ಜೋಡಿಸಿದ, ಏಳು ವರ್ಷ ಹಳದಿ ಜಾಕೆಟ್ ತೊಟ್ಟು ಪಾರ್ಕಿಂಗಿನಲ್ಲಿ ಕೈ ಬೀಸಿದ. ಈ ಸಲ ಆಯುಧ ಪೂಜೆಯ ದಿನ ಹೆಸರು ಘೋಷಿಸುತ್ತೇವೆ ಎಂದು ಅಂಕಲ್ ಕಿವಿಯಲ್ಲಿ ಹೇಳಿದ್ದರು.

ಅದೇ ಹೊತ್ತಿಗೆ ಅವನ ಹೆಂಡತಿ ಆಶಾರಾಣಿ ಜಿಂಕೆ ಹೊಡೆಯಲು ಹೊರಟಳು.

ಆಶಾರಾಣಿಗೆ ಆಬರ್ನ್ ಹಿಲ್ಸಿನ ಲ್ಯಾಬೊಂದರಲ್ಲಿ ಕಾರ್ಬನ್ ನಾರಿನ ಪಟ್ಟಿಗಳು ಎಷ್ಟು ಗಟ್ಟಿ ಎಂದು ನೋಡಲು ಯಂತ್ರಕ್ಕೆ ಸಿಕ್ಕಿಸಿ ಮುರಿಯುವ ಕೆಲಸ. ಜೊತೆಗಿದ್ದ ಟೆಕ್ನಿಷಿಯನ್ ಡೋನಾ ಎಂಬಾಕೆ ಪ್ರತಿ ಶರತ್ಕಾಲ ಬಿಲ್ಲು ಹಿಡಿದು ಕಾಡಿಗೆ ಹೋಗುವವಳು. ಹೋದ ಚಳಿಗಾಲದಲ್ಲಿ ಉಳಿದಿದ್ದ ಒಂದು ಪೊಟ್ಟಣ ಜಿಂಕೆ ಮಾಂಸವನ್ನು ಏಪ್ರಿಲ್‌ನಲ್ಲಿ ಆಶಾಳಿಗೆ ಕೊಟ್ಟಳು. ಆಗಷ್ಟೇ ಆಶಾಳ ತಾಯಿ ಚಿಕ್ಕತಾಯಮ್ಮ ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಮೂವತ್ತೊಂದು ವರ್ಷ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ರಿಟೈರಾದವರು. ಆ ಮಾಂಸಕ್ಕೆ ಖಾರ ಅರೆದು ಸಾರು ಮಾಡಿ, ಒಂದು ತುಂಡು ಬಾಯಿಗಿಟ್ಟುಕೊಂಡು ಇನ್ನೊಂದಕ್ಕೆ ಕೈ ಹಾಕಿದರು. ಹತ್ತು ವರ್ಷದ ಹುಡುಗಿಯಾಗಿದ್ದಾಗ ತಿಂದದ್ದಂತೆ. ಆಮೇಲೆ ಕಾಡಂಚಿನಲ್ಲಿ ಮೊಲಕ್ಕೆ ಕಲ್ಲೆಸೆದರೂ ಗಾರ್ಡು ಕೈಕಟ್ಟಿ ಎಳೆದೊಯ್ಯುವ ಕಾಲ ಬಂತು. ಪೊಟ್ಟಣ ಚಿಕ್ಕದು, ಇನ್ನೊಂದು ಊಟಕ್ಕೆ ಉಳಿಯಲಿಲ್ಲ. ಅವ್ವ ವಿಮಾನ ಹತ್ತುವುದರೊಳಗೆ ಇನ್ನೊಂದು ಸಲ ಹೊಟ್ಟೆ ತುಂಬ ಉಣ್ಣಿಸುತ್ತೇನೆ ಎಂದು ಆಶಾ ಅವತ್ತೇ ಹೇಳಿಬಿಟ್ಟಳು. ಅವಳು ಹೇಳಿದರೆ ಮುಗಿಯಿತು.

ಮಿಶಿಗನ್ನಿನಲ್ಲಿ ಜಿಂಕೆಯ ಲೈಸೆನ್ಸು ದಿನಸಿ ಅಂಗಡಿಯ ಕೌಂಟರಿನಲ್ಲಿ, ಮೀನಿನ ಗಾಳಕ್ಕೆ ಮಾರುವ ಎರೆಹುಳುವಿನ ಡಬ್ಬದ ಪಕ್ಕದಲ್ಲಿ ಸಿಗುತ್ತದೆ. ಬಂದೂಕು ಎಂದರೆ ವೀಸಾದವರಿಗೆ ಎದೆ ಡವಗುಟ್ಟುತ್ತದೆ, ಆದ್ದರಿಂದ ಬಿಲ್ಲು. ಬೇಸಿಗೆ ಪೂರ್ತಿ ಆಶಾ ಡೋನಾಳ ಹಳೆಯ ಬಿಲ್ಲಿನಲ್ಲಿ ಅಭ್ಯಾಸ ಮಾಡಿದಳು. ಬಿಲ್ಲಿನ ಕಾಲ ಶುರುವಾಗುವುದು ಅಕ್ಟೋಬರ್ ಒಂದಕ್ಕೆ. ಚಿಕ್ಕತಾಯಮ್ಮನ ವಿಮಾನ ಅಕ್ಟೋಬರ್ ಆರಕ್ಕೆ. ನಡುವೆ ಇದ್ದದ್ದು ಐದೇ ದಿನ. ಸೆಪ್ಟೆಂಬರಿನಲ್ಲಿ ಲ್ಯಾಬಿನ ಕೆಲಸ ಕುತ್ತಿಗೆಗೆ ಬಂದಿದ್ದರಿಂದ ಆಶಾ ಒಂದು ಚೀಟಿ ಬರೆದು ಗಂಡನ ಮುಂದಿಟ್ಟಳು. ಕಾರ್ಬನ್ ಶಾಫ್ಟು, ಸ್ಪೈನ್ 400, ಉದ್ದ ಇಪ್ಪತ್ತೆಂಟು ಇಂಚು, ಆರು.

"ನಿಮ್ಮ ಕೆಲಸಾನೇ ಅಲ್ವಾ ಇದು? ಸ್ಪೆಕ್ ನೋಡಿ ತರಿಸಿ."

ಶಾಫ್ಟ್ ಅಂದರೆ ಬಾಣದ ಕಡ್ಡಿ, ತುದಿಯ ಅಲಗು ಮತ್ತು ಹಿಂದಿನ ಗರಿ ಬಿಟ್ಟು ಉಳಿದದ್ದು. ಇಂಥದೊಂದು ಕಡ್ಡಿಯ ಹಿಂದೆ ಇಷ್ಟು ದೊಡ್ಡ ಪ್ರಪಂಚ ಇದೆಯೆಂದು ದಿನೇಶನಿಗೆ ಗೊತ್ತಿರಲಿಲ್ಲ. ಊಟದ ವಿರಾಮದಲ್ಲಿ ಶಾಮ್‌ಬರ್ಗ್ ಎಂಬ ಊರಿನಲ್ಲಿದ್ದ ನಂದನ್‌ಗೆ ಫೋನ್ ಮಾಡಿದ. ನಂದನ್ ಮೈಸೂರಿನ ಹಾಸ್ಟೆಲಿನಲ್ಲಿ ಅವನ ರೂಮ್‌ಮೇಟ್ ಆಗಿದ್ದವನು, ಈಗ ಐಟಿ ಕನ್ಸಲ್ಟೆಂಟ್. ಮಿಕ್ಸಿಯಿಂದ ಹಿಡಿದು ಹೆರಿಗೆ ಆಸ್ಪತ್ರೆಯವರೆಗೆ ಗೆಳೆಯರು ಏನೇ ಆರಿಸಬೇಕಾದರೂ ಎಕ್ಸೆಲ್ ಶೀಟ್ ಮಾಡಿಕೊಡುವುದು ಅವನ ಚಟ. ಜೀವಮಾನದಲ್ಲಿ ಬಿಲ್ಲು ಮುಟ್ಟಿದವನಲ್ಲ, ಮೊಟ್ಟೆ ಕೂಡ ತಿನ್ನುವವನಲ್ಲ. ಮಾರನೆಯ ದಿನ ಮಧ್ಯಾಹ್ನಕ್ಕೆಲ್ಲ ನಲವತ್ತೆರಡು ಶಾಫ್ಟುಗಳ, ಹದಿನಾಲ್ಕು ಕಾಲಮ್ಮುಗಳ ಶೀಟು ಕಳಿಸಿದ. ಕಡ್ಡಿಯ ಎರಡು ತುದಿಗೆ ಆಧಾರ ಕೊಟ್ಟು ನಡುವೆ ಎರಡು ಪೌಂಡಿನಷ್ಟು ತೂಕ ನೇತುಹಾಕಿದರೆ ಎಷ್ಟು ಬಾಗುತ್ತದೆಯೋ ಅದೇ ಸ್ಪೈನು, ಸಂಖ್ಯೆ ಚಿಕ್ಕದಾದಷ್ಟೂ ಕಡ್ಡಿ ಗಟ್ಟಿ, ದೊಡ್ಡದಾದಷ್ಟೂ ಬಳುಕು ಎಂದು ವಿವರಿಸಿದ. ಕೊನೆಯ ಕಾಲಮ್ಮಿಗೆ ಅವನು ಕೊಟ್ಟಿದ್ದ ಹೆಸರು: ಉಪಯೋಗ. ಕೆಲವು ಕಡ್ಡಿಗಳ ಮುಂದೆ ಬೇಟೆ ಎಂದಿತ್ತು, ಕೆಲವುಗಳ ಮುಂದೆ ಬರೀ ಗುರಿಯಾಟ.

ದಿನೇಶನ ಕಣ್ಣು ಆ ಕಾಲಮ್ಮಿನಲ್ಲೇ ನಿಂತುಬಿಟ್ಟಿತು. ಗುರಿಯಾಟ. ಎಂಥ ಮರ್ಯಾದಸ್ಥ ಪದ. ಒಲಿಂಪಿಕ್ಸಿನಲ್ಲಿ ಆಡುತ್ತಾರೆ, ಪುರಾಣದಲ್ಲಿ ರಾಜಕುಮಾರರು ಆಡುತ್ತಾರೆ. ಬಳಗದಲ್ಲಿ ಯಾರಾದರೂ ಕೇಳಿದರೆ, ಆಶಾ ಆರ್ಚರಿ ಕಲೀತಿದಾಳೆ ಅಂಕಲ್ ಎಂದರೆ ಅವರೇ ಚಪ್ಪಾಳೆ ತಟ್ಟುತ್ತಾರೆ. ಬೇಟೆ ಎಂದರೆ ಮಾಂಸ. ಮಾಂಸ ಎಂದರೆ, ಅಯ್ಯೋ ನಿಮ್ಮಲ್ಲಿ ತಿಂತೀರಾ? ಅಲ್ಲಿಂದ ಮುಂದಿನ ಪ್ರಶ್ನೆ ಯಾವುದೆಂದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಅವನು 700 ಸ್ಪೈನಿನ, ಗುಲಾಬಿ ಗರಿ ಅಂಟಿಸಿದ, ಪೆಟ್ಟಿಗೆಯ ಮೇಲೆ ಜಡೆ ಹಾಕಿದ ಹುಡುಗಿಯ ಚಿತ್ರವಿದ್ದ ಆರು ಬಾಣ ತರಿಸಿದ. ಹನ್ನೊಂದು ವರ್ಷದಲ್ಲಿ ಗೊತ್ತಿದ್ದೂ ಸ್ಪೆಕ್ ಮೀರಿದ್ದು ಅದೇ ಮೊದಲು.

ಆಶಾ ಪೆಟ್ಟಿಗೆ ಬಿಚ್ಚಿ ಒಂದನ್ನು ಎತ್ತಿ ನೋಡಿದಳು. ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದಳು. ಅದು ಲೊಳಲೊಳ ಬಳುಕಿತು.

"ಇದೇನ್ರೀ, ಊದುಬತ್ತಿ ತರಿಸಿದೀರಾ?"

ಎಲ್ಲಾ ಕಾರ್ಬನ್ನೇ ತಾನೇ, ಹಗುರ ಇದ್ದರೆ ಕೈ ನೋಯೋದಿಲ್ಲ ಅಂತ ಎಂದು ದಿನೇಶ ತೊದಲಿದ. ಆಶಾ ಕೂಗಾಡಲಿಲ್ಲ, ಅದೇ ಅವನಿಗೆ ಭಯ. ಐವತ್ತು ಪೌಂಡಿನ ಎಳೆತದ ಬಿಲ್ಲಿಗೆ ಇದನ್ನು ಹೂಡಿ ಬಿಟ್ಟರೆ ಬಿಲ್ಲಿನಲ್ಲೇ ಸೀಳಿ ಚೂರುಗಳು ತನ್ನ ಅಂಗೈಗೇ ನೆಡುತ್ತವೆ, ತಾನು ದಿನಾ ಲ್ಯಾಬಿನಲ್ಲಿ ಮುರಿಯುವುದು ಇದನ್ನೇ, ಹೇಗೆ ಮುರಿಯುತ್ತದೆಂದು ಬೇಕಾದರೆ ಬಂದು ನೋಡಿ ಎಂದಳು. ನಿಮಗೆ ಗೊತ್ತಾಗದೆ ತರಿಸಿದ್ದಲ್ಲ ಇದು ಎಂದೂ ಸೇರಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿ, ಅವ್ವಾ ನೀನೂ ಜೊತೆಗೆ ಹೋಗು, ಇವರೊಬ್ಬರನ್ನೇ ಕಳಿಸಿದರೆ ಈ ಸಲ ಹಲ್ಲುಕಡ್ಡಿ ತಂದಾರು ಎಂದಳು.

ಹೀಗೆ ಅಳಿಯ, ಅತ್ತೆ ಇಬ್ಬರೂ ವ್ಯಾನ್ ಡೈಕ್ ರಸ್ತೆಯ ಬಿಲ್ಲಿನ ಅಂಗಡಿಗೆ ಹೋದರು. ಒಂದು ಕಡೆ ಉಗುರಿಗೆ ಬಣ್ಣ ಹಚ್ಚುವ ಸಲೂನು, ಇನ್ನೊಂದು ಕಡೆ ತೆರಿಗೆ ಲೆಕ್ಕ ಬರೆಯುವವನ ಆಫೀಸು, ನಡುವೆ ಇದು. ಗೋಡೆ ತುಂಬ ಕೊಂಬಿನ ತಲೆಗಳು. ಮಾಲೀಕ ವಾಲ್ಟ್ ಎಂಬ ಬಿಳಿಗಡ್ಡದ ಮುದುಕ ಚಿಕ್ಕತಾಯಮ್ಮನ ಸೀರೆ, ಮೂಗುತಿ, ಮೊಣಕೈಯ ಹಚ್ಚೆ ನೋಡಿದ್ದೇ ತಡ ಟೋಪಿ ತೆಗೆದು ನಿಂತ. ನಿಮ್ಮ ಜನ ಸಾವಿರಾರು ವರ್ಷದಿಂದ ಬಿಲ್ಲು ಹಿಡಿದವರಲ್ಲವೇ ಎಂದು ಭಕ್ತಿಯಿಂದ ಕೇಳಿದ. ದಿನೇಶ ಅದನ್ನು ಕನ್ನಡಕ್ಕೆ ತಂದ.

"ಹೂಂ ಅನ್ನಿ ಮತ್ತೆ," ಎಂದರು ಚಿಕ್ಕತಾಯಮ್ಮ. "ಸಾವಿರ ವರ್ಸದಿಂದ ನಾವು ಹಿಡಿದಿರೋದು ಪೊರಕೆ, ಸೌಟು. ಅದ್ನ ಯಾಕೆ ಹೇಳೋಕ್ ಹೋದೀರಿ, ಪಾಪ ಟೋಪಿ ಬೇರೆ ತೆಗೆದವ್ನೆ."

ವಾಲ್ಟ್ ಹದಿನೈದು ಕಡ್ಡಿ ತಂದು ಕೌಂಟರಿನ ಮೇಲೆ ಹರಡಿದ, ಎಲ್ಲವೂ 400. ದಿನೇಶ ನಂದನ್‌ನ ಶೀಟು ತೆರೆದು, ನೇರ ಎಷ್ಟು, ತೂಕದಲ್ಲಿ ವ್ಯತ್ಯಾಸ ಎಷ್ಟು ಎಂದು ಓದತೊಡಗಿದ. ಅಷ್ಟರಲ್ಲಿ ಚಿಕ್ಕತಾಯಮ್ಮ ಒಂದು ಕಡ್ಡಿ ಎತ್ತಿ, ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿ, ಕಿವಿಯ ಹತ್ತಿರ ಹಿಡಿದರು. ತಿರುಗಿಸಿ ಇನ್ನೊಂದು ಮಗ್ಗುಲಿಗೆ ಬಾಗಿಸಿದರು. ಪಕ್ಕಕ್ಕಿಟ್ಟರು. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಬಾಗಿಸಿ, ಮುಖ ಸಿಂಡರಿಸಿ, ವಾಲ್ಟ್‌ನ ಕಡೆಗೆ ತಳ್ಳಿದರು.

"ಇದು ಬ್ಯಾಡ. ಒಳಗೆ ಚಿರ್ರ್ ಅಂತದೆ."

ವಾಲ್ಟ್ ಆ ಕಡ್ಡಿಯನ್ನು ದೀಪಕ್ಕೆ ಹಿಡಿದ. ಗರಿಯ ಜಾಗಕ್ಕೆ ಒಂದಿಂಚು ಮೇಲೆ ಕೂದಲೆಳೆಯಷ್ಟು ಬಿರುಕು. ಅವನು ಈಗ ಎರಡನೆಯ ಸಲ ಟೋಪಿ ತೆಗೆದ. ಬಿಡುವ ಮೊದಲು ಪ್ರತಿಯೊಂದು ಕಾರ್ಬನ್ ಕಡ್ಡಿಯನ್ನೂ ಹೀಗೇ ಬಾಗಿಸಿ ಕೇಳಬೇಕು, ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ, ಇವರಿಗೆ ಯಾರು ಕಲಿಸಿದರು ಎಂದ. ಯಾರೂ ಕಲಿಸಿರಲಿಲ್ಲ. ಹಾಸ್ಟೆಲಿಗೆ ಮೂಟೆಗಟ್ಟಲೆ ನುಗ್ಗೆಕಾಯಿ ಬರುತ್ತಿತ್ತು. ಕಂಟ್ರಾಕ್ಟರು ಮೇಲೆ ಎಳೆಯದಿಟ್ಟು ಕೆಳಗೆ ಒಣಗಿದ್ದು ತುಂಬುತ್ತಿದ್ದ. ನೂರಿಪ್ಪತ್ತು ಮಕ್ಕಳ ತಟ್ಟೆಗೆ ನಾರು ಬೀಳಬಾರದೆಂದು ಚಿಕ್ಕತಾಯಮ್ಮ ಒಂದೊಂದನ್ನೂ ಬಾಗಿಸಿ, ಸದ್ದು ಕೇಳಿ, ಕೆಟ್ಟದ್ದನ್ನು ಅವನ ಮುಖಕ್ಕೇ ವಾಪಸ್ ಎಸೆಯುತ್ತಿದ್ದರು. ಮೂವತ್ತೊಂದು ವರ್ಷದ ಸರ್ವೀಸು. ತನ್ನ ಮನೆಯಲ್ಲೇ ಇಂಥ ಇನ್‌ಸ್ಪೆಕ್ಟರು ಇದ್ದಾರೆಂದು ಕ್ವಾಲಿಟಿ ಇಂಜಿನಿಯರ್ ಸಾಹೇಬರಿಗೆ ಅವತ್ತು ತಿಳಿಯಿತು.

ಆರು ಕಡ್ಡಿ ಆರಿಸಿದ ಮೇಲೆ ದಿನೇಶ ಸುಮ್ಮನಿರಲಾರದೆ, ಹಗುರವಾದ 700ರ ಕಡ್ಡಿಯಲ್ಲಿ ಹೊಡೆದರೆ ಏನಾಗುತ್ತದೆ ಎಂದು ಕೇಳಿದ. ವಾಲ್ಟ್ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟ. ಹರೆಯದಲ್ಲಿ ತಾನು ಹಾಗೆ ಒಮ್ಮೆ ಹೊಡೆದೆ ಎಂದ. ಗಟ್ಟಿ ಕಡ್ಡಿ ಆಚೆ ಪಾರಾಗುತ್ತದೆ, ಜಿಂಕೆ ಅರವತ್ತು ಹೆಜ್ಜೆ ಓಡಿ ಮಲಗುತ್ತದೆ. ಹಗುರದ ಕಡ್ಡಿ ಗೇಣುದ್ದ ಒಳಹೊಕ್ಕು ಸಿಕ್ಕಿಕೊಳ್ಳುತ್ತದೆ. ಅವನ ಜಿಂಕೆ ಬಾಣ ಹೊತ್ತುಕೊಂಡೇ ಜೌಗಿನಲ್ಲಿ ಎರಡು ದಿನ ಅಲೆದಿತ್ತು. ಮೂರನೆಯ ದಿನ ಸಿಕ್ಕಾಗ ಇನ್ನೂ ಉಸಿರಿತ್ತು. ದಿನೇಶ ಚೀಟಿಯಲ್ಲಿದ್ದಂತೆ ಆರನ್ನೂ ಕೊಂಡ. ವಾಲ್ಟ್ ಅಲ್ಲೇ ಕತ್ತರಿಸಿ, ಬಿಳಿ ಗರಿ ಅಂಟಿಸಿ ಕೊಟ್ಟ. ಬಿಸಾಡಲೆಂದು ಮನೆಯಿಂದ ತಂದಿದ್ದ ಗುಲಾಬಿ ಬಾಣಗಳು ಮಾತ್ರ ಕಾರಿನ ಡಿಕ್ಕಿಯಲ್ಲೇ ಉಳಿದವು. ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ.

ಆ ವರ್ಷ ಮಹಾನವಮಿ ಅಕ್ಟೋಬರ್ ಒಂದಕ್ಕೇ ಬಿದ್ದಿತ್ತು. ಆದರೆ ದೇವಿಯೇ ಬಂದರೂ ಬಳಗದವರಿಗೆ ವಾರದ ನಡುವೆ ರಜೆ ಇಲ್ಲ. ಹಿಂದಿನ ಶನಿವಾರವೇ ಟ್ರಾಯ್‌ನ ಚರ್ಚೊಂದರ ಸಭಾಂಗಣದಲ್ಲಿ ಆಯುಧ ಪೂಜೆ ಇಟ್ಟುಕೊಂಡರು. ಉದ್ದನೆಯ ಮೇಜಿನ ಮೇಲೆ ಕೆಂಪು ಬಟ್ಟೆ. ಅದರ ಮೇಲೆ ಇಪ್ಪತ್ತೆಂಟು ಲ್ಯಾಪ್‌ಟಾಪು, ಕಾರಿನ ಕೀಗಳ ರಾಶಿ, ಇನ್‌ಸ್ಟಂಟ್ ಪಾಟು ಎಂಬ ಎರಡು ಕರೆಂಟ್ ಕುಕ್ಕರು, ತಾನಾಗಿ ನೆಲ ಗುಡಿಸುವ ಒಂದು ಚಪ್ಪಟೆ ಯಂತ್ರ. ಹಿಂದಿನ ಗೋಡೆಯ ಮೇಲೆ ಚರ್ಚಿನವರು ನವೆಂಬರಿನ ಬೇಟೆ ಮಾಂಸದ ಭೋಜನಕ್ಕೆ ಅಂಟಿಸಿದ್ದ ಪೋಸ್ಟರು. ಅದರಲ್ಲಿದ್ದ ಕೊಂಬಿನ ಜಿಂಕೆಯ ಮೇಲೆ ಅನುರಾಧಾ ಆಂಟಿ, ಎಂದರೆ ಅಧ್ಯಕ್ಷರ ಹೆಂಡತಿ, ಮಾವಿನೆಲೆಯ ಪ್ಲಾಸ್ಟಿಕ್ ತೋರಣ ಇಳಿಬಿಟ್ಟಿದ್ದರು.

ದಿನೇಶ ಇಸ್ತ್ರಿ ಮಾಡಿದ ರೇಷ್ಮೆ ಜುಬ್ಬ ತೊಟ್ಟು, ಬೆಳಗ್ಗೆಯೇ ಬಂದು ಪಾರ್ಕಿಂಗಿನಲ್ಲಿ ಕೈ ಬೀಸಿ, ಹೆಸರು ಘೋಷಣೆಯ ಹೊತ್ತಿಗೆ ಒಳಗೆ ಬಂದ. ಬಂದು ನೋಡುತ್ತಾನೆ, ಅತ್ತೆ ಸೀರೆಯ ಕವರಿನಿಂದ ಬಿಳಿ ಗರಿಯ ಆರು ಬಾಣ ತೆಗೆದು, ಕರಿ ಲ್ಯಾಪ್‌ಟಾಪೊಂದನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡುತ್ತಿದ್ದಾರೆ. ಅಲಗಿನ್ನೂ ಸಿಕ್ಕಿಸಿರಲಿಲ್ಲ. ಆದರೂ ಆ ಮೇಜಿನ ಮೇಲೆ ಆಯುಧ ಎನ್ನಬಹುದಾಗಿದ್ದದ್ದು ಅದೊಂದೇ.

ಸುವರ್ಣಮ್ಮ ಮೊದಲು ನೋಡಿದ್ದು. ಅವರು ಅನುರಾಧಾ ಆಂಟಿಯ ಕಿವಿಗೆ ಬಾಯಿಟ್ಟರು, ಆಂಟಿ ಅಂಕಲ್‌ಗೆ ಕಣ್ಣು ಮಾಡಿದರು. ಮನೋಹರ್ ಅಂಕಲ್ ನಗುತ್ತಲೇ ಬಂದರು. ಅವರು ಬೈಯುವಾಗಲೂ ನಗುವವರು. ಇದು ಪೂಜೆಯ ಮೇಜು, ಹಿಂಸೆಯ ವಸ್ತು ಇಡುವುದು ಚೆನ್ನಾಗಿರುವುದಿಲ್ಲ ಎಂದು ಚಿಕ್ಕತಾಯಮ್ಮನಿಗೆ ತಿಳಿಸಿ ಹೇಳಿದರು.

"ಆಯುಧದ ಪೂಜೆ ಅಲ್ವೇನಪ್ಪಾ?" ಎಂದರು ಚಿಕ್ಕತಾಯಮ್ಮ. "ಆಯುಧ ಇಡಬಾರದು ಅಂದ್ರೆ ಕುಕ್ಕರ್ ಪೂಜೆ ಅಂತ ಬೋರ್ಡ್ ಹಾಕ್ಸಿ."

ಆಶಾ ಗೋಡೆಗೊರಗಿ ನಿಂತು ಗಂಡನನ್ನು ನೋಡುತ್ತಿದ್ದಳು. ದಿನೇಶ ಅಂಕಲ್‌ರ ತೋಳು ಹಿಡಿದು ಪಕ್ಕಕ್ಕೆ ಕರೆದ. ಅತ್ತೆಗೆ ಗೊತ್ತಾಗೋದಿಲ್ಲ, ಆಶಾ ಆಡೋದು ಬೇರೆ ಬಾಣ, ಆಟದ್ದು, ತರುತ್ತೇನೆ ಎಂದು ಹೊರಗೋಡಿದ. ಡಿಕ್ಕಿಯಿಂದ ಗುಲಾಬಿ ಗರಿಯ ಪೆಟ್ಟಿಗೆ ಎತ್ತಿಕೊಂಡು ಬಂದು, ಜಡೆಯ ಹುಡುಗಿಯ ಚಿತ್ರ ಮೇಲೆ ಕಾಣುವಂತೆ ಇಟ್ಟ. ಅಂಕಲ್‌ಗೆ ಹೋದ ಜೀವ ಬಂತು. ಬಳಗದ ಹೆಣ್ಣುಮಗಳೊಬ್ಬಳು ಕ್ರೀಡೆಯಲ್ಲಿ ಮುಂದೆ ಬರುವುದು ನಮಗೆಲ್ಲ ಹೆಮ್ಮೆ ಎಂದು ಅವರು ಅಲ್ಲೇ ಮೈಕಿನಲ್ಲಿ ಘೋಷಿಸಿ, ಮುಂದಿನ ಘೋಷಣೆಗೂ ಇದೇ ಒಳ್ಳೆಯ ಪೀಠಿಕೆ ಎಂದುಕೊಂಡರೋ ಏನೋ, ಮೈಕನ್ನು ದಿನೇಶನ ಕೈಗಿಟ್ಟರು.

"ಇವು ಟಾರ್ಗೆಟ್‌ಗೆ ಮಾತ್ರ, ಆಶಾ ಬಳಸೋದು ಇವನ್ನೇ ಅಂತ ಒಂದ್ ಮಾತು ಹೇಳ್ಬಿಡಿ ದಿನೇಶ್. ಆಮೇಲೆ ನಿಮ್ಮ ಹೆಸರು ಹೇಳ್ತೀನಿ."

ಒಂಬತ್ತು ವರ್ಷ ಕಾದ ಮೈಕು. ಕೈಗೆ ಬಂದಾಗ ಅದು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಮುನ್ನೂರು ಮುಖಗಳು. ದಿನೇಶ ಎಡಗೈಯಲ್ಲಿ ಗುಲಾಬಿ ಬಾಣ ಎತ್ತಿ ಹಿಡಿದ. ಅದು ಮೈಕಿನ ಮುಂದೆ ಲೊಳಲೊಳ ಬಳುಕಿತು. ಹೇಳಬೇಕಾಗಿದ್ದದ್ದು ಒಂದೇ ಒಂದು ಹೌದು. ಬಾಯಿ ತೆರೆದ, ಹೌದು ಹೊರಡಲಿಲ್ಲ. ಇಂಥ ಭಾಗ ಇಂಥ ಕೆಲಸಕ್ಕೆ ಸರಿ ಎಂದು ನಾಲ್ಕು ಜನರೆದುರು ಒಪ್ಪಿಗೆ ಕೊಡುವಾಗ ಅವನ ನಾಲಿಗೆಗೆ ಹನ್ನೊಂದು ವರ್ಷದ ಅಭ್ಯಾಸ ಅಂಟಿಕೊಂಡಿತ್ತು. ತಪ್ಪು ಬೋಲ್ಟಿಗೆ ಅದು ಸಹಿ ಹಾಕಲಾರದು. ಜೌಗಿನಲ್ಲಿ ಉಸಿರೆಳೆಯುತ್ತ ಬಿದ್ದ ಜಿಂಕೆಯೊಂದು, ನೋಡಿಲ್ಲದಿದ್ದರೂ, ಕಣ್ಣ ಮುಂದೆ ಬಂದು ನಿಂತಿತು.

"ಇದು ಆಗೋದಿಲ್ಲ ಅಂಕಲ್," ಎಂದ. ಸ್ಪೀಕರುಗಳಲ್ಲಿ ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ಇದು ರಿಜೆಕ್ಟ್. ಏಳ್ನೂರು ಸ್ಪೈನು, ತೂಕ ಸಾಲದು. ಅಪ್ಲಿಕೇಶನ್ ಏನು, ಅಂದ್ರೆ ಯಾವ ಉಪಯೋಗಕ್ಕೆ ಅಂತ ನೋಡ್ಬೇಕಲ್ವಾ. ಅಪ್ಲಿಕೇಶನ್ ಜಿಂಕೆ."

ಶುರುವಾದ ಮೇಲೆ ನಿಲ್ಲಿಸುವುದು ದಿನೇಶನಿಗೂ ಆಗಲಿಲ್ಲ. ಕ್ವಾಲಿಟಿ ಮೀಟಿಂಗಿನಲ್ಲಿ ವಿವರಿಸುವಂತೆಯೇ ವಿವರಿಸಿದ. ಈ ಹಗುರ ಕಡ್ಡಿ ಗೇಣುದ್ದ ಹೊಕ್ಕು ನಿಲ್ಲುತ್ತದೆ, ಜಿಂಕೆ ಮೂರು ದಿನ ನರಳುತ್ತದೆ. ಅತ್ತೆ ಇಟ್ಟಿರುವ ಗಟ್ಟಿ ಕಡ್ಡಿ ಪಾರಾಗುತ್ತದೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ನೋಡೋಕೆ ಅಹಿಂಸೆಯ ಹಾಗೆ ಕಾಣೋದು ಈ ಗುಲಾಬಿ, ಅಂಕಲ್, ಹಿಂಸೆ ಇರೋದು ಇದರಲ್ಲೇ. ಆಶಾ ಬುಧವಾರ ಕಾಡಿಗೆ ಹೋಗುತ್ತಾಳೆ, ಸಿಕ್ಕರೆ ತರುತ್ತೇವೆ, ಸಾರು ಮಾಡಿ ತಿನ್ನುತ್ತೇವೆ.

"ನಿಮ್ಮಲ್ಲಿ..." ಎಂದು ಅಂಕಲ್ ಶುರುಮಾಡಿದರು. ನಗು ಇನ್ನೂ ಮುಖದಲ್ಲೇ ಇತ್ತು, ಬಿಚ್ಚಿಡಲು ಜಾಗ ಸಿಗದ ಹಾಗೆ. "ನಿಮ್ಮಲ್ಲಿ ಇದೆಲ್ಲ ನಡೆಯುತ್ತಾ? ನೀವು..."

"ನಾವು ಹೊಲೇರು ಅಂಕಲ್."

ಮೈಕು ಇನ್ನೂ ಆನ್ ಇತ್ತು. ಹೇಳಿದ್ದು ಸಭಾಂಗಣ, ಅಡುಗೆಮನೆ, ಹೊರಗಿನ ವರಾಂಡಕ್ಕೆಲ್ಲ ಒಂದೇ ಸಮ ಕೇಳಿಸಿತು. ಸುವರ್ಣಮ್ಮನ ತುಟಿ ಸದ್ದಿಲ್ಲದೆ ಅಲ್ಲಾಡತೊಡಗಿತು. ಒಂಬತ್ತು ವರ್ಷದಲ್ಲಿ ಎಷ್ಟು ಸಲ ಒಂದೇ ಪಾತ್ರೆಗೆ ಸೌಟು ಹಾಕಿದೆವು ಎಂದು ಅವರು ಲೆಕ್ಕ ಹಾಕುತ್ತಿದ್ದದ್ದು ಯಾರಿಗಾದರೂ ತಿಳಿಯುವಂತಿತ್ತು. ಇಷ್ಟರ ನಡುವೆ ಪೂಜೆ ಮಾಡುತ್ತಿದ್ದ ಸುರೇಶ್, ವಾರದ ದಿನ ಡೇಟಾಬೇಸು, ವಾರಾಂತ್ಯ ಪೌರೋಹಿತ್ಯ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮಂತ್ರ ಕೇಳಿಕೊಂಡು ಹೇಳುವವನು, ಲೋಕದಲ್ಲಿ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲದೆ ಮೇಜಿನುದ್ದಕ್ಕೂ ಬಂದು, ಲ್ಯಾಪ್‌ಟಾಪಿಗೆ ಹಚ್ಚಿದಷ್ಟೇ ಶ್ರದ್ಧೆಯಿಂದ ಆರು ಬಿಳಿ ಗರಿಯ ಬಾಣಗಳಿಗೂ ಅರಿಶಿನ ಕುಂಕುಮ ಬಳಿದು ಮುಂದೆ ಹೋದ. ಚಿಕ್ಕತಾಯಮ್ಮ ಕೈಮುಗಿದು, ಬಾಣಗಳನ್ನು ಸೀರೆಯ ಕವರಿಗೆ ಹಾಕಿಕೊಂಡು, ಊಟದ ಸಾಲಿನ ಮೊದಲಿಗೆ ಹೋಗಿ ನಿಂತರು.

ಆಮೇಲೆ ಅಂಕಲ್ ದಿನೇಶನ ಹೆಗಲ ಮೇಲೆ ಕೈಯಿಟ್ಟರು. ಇಡುವ ಮೊದಲು ಒಂದು ಕ್ಷಣ ಕೈ ಗಾಳಿಯಲ್ಲಿ ನಿಂತದ್ದು ಅವರಿಗೂ ಗೊತ್ತಾಯಿತು, ಇವನಿಗೂ ಗೊತ್ತಾಯಿತು. ನಾವು ಯಾರೂ ಅದನ್ನೆಲ್ಲ ನೋಡುವವರಲ್ಲ, ನೀವು ಮೊದಲೇ ಹೇಳಬಹುದಿತ್ತು ಎಂದರು. ನೋಡುವವರಲ್ಲ ಅಂದ ಮೇಲೆ ಮೊದಲೇ ಹೇಳಿ ಏನಾಗಬೇಕಿತ್ತು ಎಂದು ದಿನೇಶ ಕೇಳಿದ. ಅಂಕಲ್‌ಗೆ ತುರ್ತಾಗಿ ಯಾರೋ ಕರೆದಂತಾಯಿತು. ಅರ್ಧ ಗಂಟೆಯ ನಂತರ, ಆರು ತಿಂಗಳ ಹಿಂದಷ್ಟೇ ಟೆಕ್ಸಾಸಿನಿಂದ ಬಂದಿದ್ದ, ಅಂಕಲ್‌ರ ತಂಗಿಯ ಅಳಿಯ ಪ್ರಕಾಶನನ್ನು ಕಾರ್ಯದರ್ಶಿಯೆಂದು ಘೋಷಿಸಿದರು. ಅವನಿಗೆ ಪಾರ್ಕಿಂಗ್ ಎಲ್ಲಿದೆಯೆಂದೇ ಗೊತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಆಶಾ ಡ್ರೈವ್ ಮಾಡಿದಳು. ಹೈವೇಯ ಎರಡು ಎಗ್ಸಿಟ್ ದಾಟಿದ ಮೇಲೆ ಅವಳು ತಿರುಗದೆಯೇ, ಸಹಿ ಚೆನ್ನಾಗಿತ್ತು ಕಣ್ರೀ ಎಂದಳು. ದಿನೇಶ ಕಿಟಕಿಯ ಆಚೆ ನೋಡುತ್ತ ಕೂತ. ಅಳು ಬರುತ್ತದೆಂದು ಕಾದ. ಬಂದದ್ದು ಹಸಿವು.

ಬುಧವಾರ ಆಶಾ ರಜೆ ಹಾಕಿ, ಲ್ಯಾಪಿಯರ್ ಬಳಿಯ ಡೋನಾಳ ಅಪ್ಪನ ಜಮೀನಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತಳು. ಬಂದದ್ದು ಅಳಿಲುಗಳು. ಗುರುವಾರ, ಶುಕ್ರವಾರ ಆಫೀಸು. ಉಳಿದದ್ದು ಶನಿವಾರ. ಅವತ್ತು ದಿನೇಶನೂ ಅತ್ತೆಯೂ ಜೊತೆಗೆ ಹೋಗಿ, ಅರ್ಧ ಮೈಲಿ ಆಚೆ ಕೊಟ್ಟಿಗೆಯ ಪಕ್ಕ ಕಾರಿನಲ್ಲಿ ಕಾದರು. ಕುಂಕುಮ ಒರೆಸಿದರೆ ತೂಕ ಸರಿಯಾಗುತ್ತದೆ ಎಂದು ಆಶಾ, ಮುಟ್ಟಿದರೆ ನೋಡು ಎಂದು ಅವ್ವ, ಬೆಳಗ್ಗೆಯೇ ಜಗಳವಾಗಿತ್ತು. ಕೊನೆಗೆ ಲ್ಯಾಬಿನ ತಕ್ಕಡಿಯಲ್ಲಿ ತೂಗಿದ ಲೆಕ್ಕ ಹಿಡಿದು ಆಶಾಳೇ ಸೋತಿದ್ದಳು: ನಾಲ್ಕು ಅಕ್ಕಿಕಾಳಿನಷ್ಟು ವ್ಯತ್ಯಾಸ, ಇಪ್ಪತ್ತು ಗಜಕ್ಕೆ ನಡೆಯುತ್ತದೆ. ಒಂಬತ್ತೂಕಾಲಿಗೆ ಫೋನು ಕಂಪಿಸಿತು. ಬನ್ನಿ ಎಂದಷ್ಟೇ ಇತ್ತು.

ಹೆಣ್ಣು ಜಿಂಕೆ. ಐವತ್ತೆಂಟು ಹೆಜ್ಜೆ ಓಡಿ ಮೇಪಲ್ ಎಲೆಗಳ ಮೇಲೆ ಮಲಗಿತ್ತು. ದಿನೇಶ ಎಣಿಸಿಯೇ ನಡೆದ. ಬಾಣ ಆಚೆಯ ಮಣ್ಣಿನಲ್ಲಿ ನೆಟ್ಟಿತ್ತು, ಮುರಿದಿರಲಿಲ್ಲ. ಆಶಾ ಮೊಣಕಾಲೂರಿ ಕೂತು ಜಿಂಕೆಯ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ, ಸಂಕಟವೂ ಅಲ್ಲ, ದೊಡ್ಡ ಕೆಲಸವೊಂದನ್ನು ಸರಿಯಾಗಿ ಮುಗಿಸಿದವರ ಸುಸ್ತು. ಡೋನಾ ಕಲಿಸಿದಂತೆ ಹೊಟ್ಟೆ ಬಿಡಿಸಿದರು. ದಿನೇಶ ಮೊದಲು ವಾಂತಿ ಮಾಡಿಕೊಂಡು, ಆಮೇಲೆ ಕಾಲು ಹಿಡಿದು ಎಳೆದ.

ಭಾನುವಾರ ಮಧ್ಯಾಹ್ನ, ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲೆತ್ತಿ, ನೆಲಕ್ಕೆ ಟಾರ್ಪಾಲು ಹಾಸಿ, ಚಿಕ್ಕತಾಯಮ್ಮ ಕೇರಿಯಲ್ಲಿ ಮಾಡುತ್ತಿದ್ದಂತೆ ಮಾಂಸವನ್ನು ಗುಡ್ಡೆ ಹಾಕಿದರು. ಎಲ್ಲ ಗುಡ್ಡೆಗೂ ಒಂದಿಷ್ಟು ಮೂಳೆ, ಒಂದಿಷ್ಟು ತೊಡೆ, ಒಂದಿಷ್ಟು ಈಲಿ ಎಂದರೆ ಲಿವರು, ಯಾರಿಗೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಡೋನಾಗೆ ಒಂದು, ವಾಲ್ಟ್‌ಗೆ ಒಂದು, ಎದುರು ಮನೆಯ ಇರಾಕಿನವರಿಗೆ ಒಂದು. ನಂದನ್ ಫೋನಿನಲ್ಲಿ, ನಾನು ತಿನ್ನೋದಿಲ್ಲ, ಆದರೆ ನನ್ನ ಹೆಸರಿಗೂ ಒಂದು ಗುಡ್ಡೆ ಇರಲಿ ಎಂದ. ಬಡಾವಣೆಯಲ್ಲಿ ನಾಯಿ ಓಡಾಡಿಸುವವರು ನಿಂತು ನೋಡಿ ಕೈ ಬೀಸಿದರು. ದಿನೇಶ ರಕ್ತದ ಕೈಯಲ್ಲೇ ಕೈ ಬೀಸಿದ.

ಊಟಕ್ಕೆ ಕೂತು ಮುದ್ದೆ ಮುರಿಯುವಾಗ ಮನೋಹರ್ ಅಂಕಲ್‌ರ ಫೋನು ಬಂತು. ರಾಜ್ಯೋತ್ಸವಕ್ಕೆ ಪಾರ್ಕಿಂಗ್ ನೋಡಿಕೊಳ್ಳಲು ಯಾರೂ ಸಿಗುತ್ತಿಲ್ಲ, ಪ್ರಕಾಶನಿಗೆ ಅನುಭವ ಸಾಲದು, ನಿಮ್ಮ ಬಗ್ಗೆ ನಮಗೆಲ್ಲ ಎಷ್ಟು ಗೌರವ ಅಂತ ನಿಮಗೇ ಗೊತ್ತಲ್ಲ ಎಂದರು. ದಿನೇಶ ಮೂಳೆಯೊಂದನ್ನು ಚೀಪುತ್ತಲೇ ಪೂರ್ತಿ ಕೇಳಿಸಿಕೊಂಡ.

"ಕಾರುಗಳು ತಾವೇ ನಿಂತ್ಕೋತಾವೆ ಅಂಕಲ್. ಊಟ ಮಾಡ್ತಿದೀನಿ, ಇಡ್ಲಾ?"

ಆಶಾ ತಾಯಿಯ ಬಾಯಿಯನ್ನೇ ನೋಡುತ್ತಿದ್ದಳು. ಐದು ತಿಂಗಳ ಅಭ್ಯಾಸ, ಅಂಗೈಯ ಬೊಬ್ಬೆ, ಮುಗಿದುಹೋದ ರಜೆ ಎಲ್ಲ ಆ ಒಂದು ತುತ್ತಿಗಾಗಿ. ನಾಳೆ ಸಂಜೆ ವಿಮಾನ. ಚಿಕ್ಕತಾಯಮ್ಮ ತುಂಡನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಕಣ್ಣು ಮುಚ್ಚಿ ಅಗಿದರು. ನುಂಗಿದರು.

"ರುಚಿ ಅದೇ ಕನವ್ವ," ಎಂದರು. "ಮಾಂಸ ಮಾತ್ರ ಇನ್ನೂ ವಸಿ ಗಟ್ಟಿ. ಎರಡು ವಿಸಿಲ್ ಕಮ್ಮಿ ಆಗ್ಯದೆ."

ದಿನೇಶ ಎದ್ದು ಎಲ್ಲರ ತಟ್ಟೆಯ ತುಂಡುಗಳನ್ನೂ ಮತ್ತೆ ಕುಕ್ಕರಿಗೆ ಸುರಿದು, ಮುಚ್ಚಳ ಹಾಕಿ, ಒಲೆ ಹಚ್ಚಿದ. ಮೂವರೂ ಎಂಜಲು ಕೈಯಲ್ಲೇ ಅದರ ಸುತ್ತ ನಿಂತು ಕಾಯತೊಡಗಿದರು.